ತೀರ್ಥಹಳ್ಳಿ ಕಡೆಯ ನಮ್ಮೂರ ಅಂಗನವಾಡಿ ಹೇಗಿದೆ ಅಂತ ಕೇಳೋರಿಗೆ

ಪೇಟೆಯಿಂದ ನರ್ಸರಿ ವ್ಯಾನ್ ಮನೆ ಬಾಗಿಲಿಗೇ ಬರುವಾಗ ಮಗಳನ್ನ ಅಂಗನವಾಡಿಗೆ ಯಾಕೆ ಕಳಿಸ್ತೀರಾ ಅಂತ ಕೇಳೋರು ಜಾಸ್ತಿ ಆಗಿದಾರೆ, ಅದಕ್ಕೇ ಬರೀತಿದೀನಿ. ಇಲ್ಲಿ ತಿಂಗಳಾ ತಿಂಗಳಾ ಮಕ್ಕಳ ತೂಕ ನೋಡ್ತಾರೆ, ಎತ್ತರ ಅಳೀತಾರೆ. ಅಲ್ಲಿ ಫೀಸ್ ಕಟ್ಟಿದೀವಾ ಅಂತ ನೋಡ್ತಾರೆ ಅಷ್ಟೇ (ಸ್ವಲ್ಪ ಖಾರ ಆಯ್ತೇನೋ, ಇರ್ಲಿ).

ಟೀಚರ್ ಹತ್ರ ತೋಳಿಗೆ ಸುತ್ತೋ ಟೇಪ್ ಒಂದಿದೆ, ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ. 12.5 ಸೆಂಟಿಮೀಟರ್ ಮೇಲಿದ್ರೆ ಹಸಿರು, ಕಮ್ಮಿ ಆದ್ರೆ ಹಳದಿ, 11.5ಕ್ಕಿಂತ ಇಳಿದ್ರೆ ಕೆಂಪು ಅಂದ್ರೆ ತೀವ್ರ ಅಪೌಷ್ಟಿಕತೆ, ಡಾಕ್ಟರ್‌ಗೆ ತೋರಿಸ್ಲೇಬೇಕು. ತೋಟದ ಕೆಲಸಕ್ಕೆ ಬಂದಿರೋರ ಮಗು ಒಂದು ಹಳದಿಗೆ ಬಂದಾಗ ಅವರಮ್ಮ "ನಮ್ ಮನೇಲಿ ಎಲ್ರೂ ಸಣ್ಣಕೇ ಇರೋದು ಬಿಡಿ ಅಕ್ಕೋರೆ" ಅಂದ್ರೂ ಟೀಚರ್ ಬಿಡ್ಲಿಲ್ಲ, ಆಶಾ ಕಾರ್ಯಕರ್ತೆನ ಜೊತೆ ಮಾಡಿ ಪಿಎಚ್‌ಸಿಗೆ ಕಳ್ಸಿದ್ರು. ದಿನಾ ನೋಡೋ ನಮಗೆ ಮಗು ಸೊರಗ್ತಿರೋದು ಗೊತ್ತೇ ಆಗಲ್ಲ ರೀ.

ಜಂತುಹುಳದ ಮಾತ್ರೆನೂ ಕಣ್ಣೆದುರೇ ಅಗಿಸ್ತಾರೆ, ಒಂದರಿಂದ ಎರಡು ವರ್ಷದೋರಿಗೆ ಅರ್ಧ ಮಾತ್ರೆ, ಅದೂ ಪುಡಿ ಮಾಡಿ ನೀರಲ್ಲಿ ಕಲಸಿ. ನಮ್ಮ ಕಡೆ ಮಕ್ಕಳು ಮಳೆಗಾಲದಲ್ಲೂ ಬರಿಗಾಲಲ್ಲಿ ತೋಟ ಕೊಟ್ಟಿಗೆ ಅಂತ ಸುತ್ತೋದು, ಕೊಕ್ಕೆಹುಳ ಪಾದದ ಚರ್ಮದಿಂದಲೇ ಒಳಗೆ ಹೋಗಿ ರಕ್ತ ಹೀರುತ್ತೆ, ಹಾಗಾಗಿ ಮಾತ್ರೆ ಕೊಡೋ ದಿನ ತಪ್ಪಿಸ್ಬೇಡಿ.

ಊಟ ಬಿಸಿಬಿಸಿ, ಖಾರ ಮಕ್ಕಳಿಗೆ ತಕ್ಕಂಗೆ. ಹಾಲು 2013ರಲ್ಲಿ ಶುರುವಾದ ಕ್ಷೀರಭಾಗ್ಯದ್ದು, ಪುಡಿ ಹಾಲೇ, ಆದ್ರೆ ಮನೇಲಿ ಎಮ್ಮೆ ಹಾಲು ಮೂಸಿನೂ ನೋಡದ ನನ್ನ ಮಗಳು ಅಲ್ಲಿ ಎಲ್ಲರ ಜೊತೆ ಕೂತು ಲೋಟ ಖಾಲಿ ಮಾಡ್ತಾಳೆ. ಮೊಟ್ಟೆ ಮಾತ್ರ ನಂಬೋ ಹಾಗಿಲ್ಲ, ಅಂಗಡೀಲಿ ರೇಟ್ ಏರಿದ್ರೆ ಟೀಚರ್ ಕೈಯಿಂದ ಹಾಕಿ ತರ್ತಾರೆ, ಆ ದುಡ್ಡು ಅವರಿಗೆ ಯಾವಾಗ ವಾಪಸ್ ಬರುತ್ತೋ. ಕೊಡೋ ಗೌರವಧನನೇ ಅಷ್ಟಕ್ಕಷ್ಟೆ, ಅದ್ರಲ್ಲಿ ಇದು ಬೇರೆ.

ಕಟ್ಟಡದ ಬಗ್ಗೆ ಹೇಳೋದೇ ಬೇಡ. ಆರಿದ್ರಾ ಮಳೆ ಹಿಡೀತು ಅಂದ್ರೆ ಹಂಚು ಸೋರಿ ಮಕ್ಕಳೆಲ್ಲ ಒಂದೇ ಮೂಲೆಗೆ ಬರ್ತಾರೆ, ಕಕ್ಕಸಿಗೆ ನೀರು ಹೊತ್ತು ಹಾಕೋದು ಆಯಾನೇ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಕ್ಕಸಿಗೇ ಕಟ್. ಸೇರಿಸೋರು ತಾಯಿ ಕಾರ್ಡ್ ತಗೊಂಡು ಹೋಗಿ, ಯಾವ ಚುಚ್ಚುಮದ್ದು ಬಾಕಿ ಇದೆ ಅಂತ ಅಲ್ಲೇ ನೋಡಿ ಹೇಳ್ತಾರೆ. ಮಳೆಗಾಲದಲ್ಲಿ ಸಂಕ (ಹಳ್ಳ ದಾಟೋ ಕಾಲುಸೇತುವೆ) ಜಾರುತ್ತೆ, ಮಗುನ ನೀವೇ ಎತ್ಕೊಂಡು ದಾಟ್ಸಿ.