ಶಿರಸಿಯ ಹಳೇ ಸಾಮಾನಿನ ಅಂಗಡಿ: 'ವಿಕ್ಟೋರಿಯನ್' ಎಂಬ ಚೀಟಿ ಓದುವ ಮುನ್ನ ಕುರ್ಚಿ ಮಗುಚಿ ನೋಡಿ

ಶಿರಸಿ ಪೇಟೆಯ ಈ ಅಂಗಡಿಯಲ್ಲಿ ಕೆತ್ತನೆ ಕಂಡದ್ದಕ್ಕೆಲ್ಲ 'ವಿಕ್ಟೋರಿಯನ್' ಎಂಬ ಚೀಟಿ ನೇತಾಡುತ್ತದೆ. ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಬಾಗಿಲ ಬಳಿಯ ಕಪಾಟಿನ ಸಪೂರ ನೇರ ಕಾಲು, ತಿಳಿ ಬಣ್ಣದ ಮರಪಟ್ಟಿಯ ಕುಸುರಿ ನೋಡಿದರೆ ಅದು ಆಕೆಯ ಮಗ ಏಳನೇ ಎಡ್ವರ್ಡನ ಕಾಲದ (1901–1910) ಶೈಲಿ. ಒಳಕೋಣೆಯ ಬೀಟೆ ಕುರ್ಚಿ ಜೋಡಿ ಮಾತ್ರ ಚೀಟಿಗೆ ಒಪ್ಪುವಂಥದ್ದು: ಬಲೂನಿನಂತೆ ದುಂಡಗಿನ ಬೆನ್ನು, ಕಡೆದ ಮುಂಗಾಲು. ಆದರೆ ಶೈಲಿ ಹಳತಾದ ಮಾತ್ರಕ್ಕೆ ಕುರ್ಚಿಯೂ ಅಷ್ಟೇ ಹಳತಲ್ಲ. ಈ ನಮೂನೆಯನ್ನು ಬಡಗಿಗಳು ಆಮೇಲೂ ಮಾಡುತ್ತಲೇ ಬಂದಿದ್ದಾರೆ.

ಕುರ್ಚಿ ಮಗುಚಿ. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಒಂದೆರಡು ಇದ್ದರೆ ರಿಪೇರಿ ಎನ್ನಬಹುದು. ಎಲ್ಲವೂ ಅದೇ ಆಗಿ, ಬೇರೆ ಹಳೇ ತೂತುಗಳ ಗುರುತೂ ಇಲ್ಲದಿದ್ದರೆ ರಾಣಿಯ ಹೆಸರಿಗೆ ಹೆಚ್ಚು ಹಣ ಕೊಡಬೇಡಿ. ಡ್ರಾಯರ್ ಮೂಲೆಯಲ್ಲಿ ಹಲಗೆ ಕೂಡಿಸುವ ಕೈಕೊಯ್ತದ ಕಚ್ಚು ತೋರಿಸಿ 'ನೋಡಿ, ಹಳತು' ಎನ್ನುತ್ತಾರೆ. ನಮ್ಮ ಕಡೆ ಕೈಯಲ್ಲೇ ಕಚ್ಚು ಕೊಯ್ಯುವವರು ಈಗಲೂ ಇದ್ದಾರೆ, ಆ ಸಾಕ್ಷಿ ನಿಲ್ಲುವುದಿಲ್ಲ.

ದೊಡ್ಡ ತಕರಾರು ಪಾಲಿಶಿನದು. ಆ ಕಾಲದ್ದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತೀಡುವ ಫ್ರೆಂಚ್ ಪಾಲಿಶ್. ಇಲ್ಲಿ ಅದನ್ನು ಕೆರೆದು ಮೆಲಮೈನ್ ಎಂಬ ಗಟ್ಟಿ ವಾರ್ನಿಶ್ ಹೊಡೆಯುತ್ತಾರೆ; ಕುರ್ಚಿ ಗಾಜಿನಂತೆ ಹೊಳೆದು ಹೊಸ ಹೋಟೆಲಿನದ್ದಾಗುತ್ತದೆ. ಕಾಣದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಇಟ್ಟು ನೋಡಿ: ಅರಗಾದರೆ ಅಂಟಂಟಾಗುತ್ತದೆ, ಮೆಲಮೈನ್ ಅಲುಗುವುದಿಲ್ಲ. ಅರಗೇ ಬೇಕೆಂದು ಕೇಳಿದರೆ ಮಾಡಿಕೊಡುತ್ತಾರೆ. ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ ಅರಗಿನ ತೆಳು ಪಾಕ, ಹಲವು ಕೈ. ಮಳೆಗಾಲದಲ್ಲಿ ಮಾತ್ರ ಬೇಡ. ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ಪಸೆ ಹಿಡಿದು ಬೆಳ್ಳಗೆ ಮಂಕಾಗುತ್ತದೆ. ದೀಪಾವಳಿ ಕಳೆಯಲಿ.

ಕುರ್ಚಿಯ ಬೆತ್ತದ ಹೆಣಿಗೆಗೆ ಪೂರ್ತಿ ಅಂಕ ಕೊಡಬೇಕು. ಆರು ಸುತ್ತಿನ ಹೆಣಿಗೆ, ಓರೆ ಎಳೆಗಳು ಹೆಣಿಗೆಯ ಕಣ್ಣಿನ ಮೂಲೆಗೇ ಸರಿಯಾಗಿ ಕೂತಿವೆ. ಮುಂದೊಂದು ದಿನ ಜೋತುಬಿದ್ದರೆ ಅಡಿಯಿಂದ ಬಿಸಿನೀರಿನ ಬಟ್ಟೆ ಒತ್ತಿ, ಯಾರೂ ಕೂರದಂತೆ ರಾತ್ರಿಯಿಡೀ ಒಣಗಿಸಿ. ಎಳೆ ತುಂಡಾಗಿರದಿದ್ದರೆ ಮತ್ತೆ ಬಿಗಿಯುತ್ತದೆ.

ಕಾಲಿನ ತುದಿ ಕೊಯ್ದು ರಬ್ಬರ್ ಗಾಲಿ ಹಾಕಿದ ಮೇಜೊಂದಿದೆ, ಅದನ್ನು ಬಿಡಿ. ಹಳತಕ್ಕೆ ಹಿತ್ತಾಳೆ ಅಥವಾ ಪಿಂಗಾಣಿ ಗಾಲಿ ಇರುತ್ತಿತ್ತು. ಕೊಯ್ದ ಕಾಲು ಮರಳಿ ಬಾರದು.

ಕಾರವಾರಕ್ಕೂ ಕಳಿಸುತ್ತಾರೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಸಾಮಾನು ಒಂದಕ್ಕೊಂದು ಒರಗುತ್ತದೆ. ಬೆತ್ತದ ಮೇಲೆ ಏನನ್ನೂ ಪೇರಿಸದಂತೆ ಲೋಡ್ ಮಾಡುವಾಗಲೇ ನಿಂತು ಹೇಳಿ.