ಹಳೇ ಜೀಪಿನ ಕೂಲೆಂಟ್ ಸೋರಿಕೆ: ರಟ್ಟು, ಪ್ರೆಶರ್ ಪಂಪು, ಡೈ, ಬೆಸುಗೆ – ಯಾವುದು ಕೆಲಸಕ್ಕೆ ಬಂತು?

ಹಳೇ ಗಾಡಿಯಲ್ಲಿ ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಕಮ್ಮಿಯಾಗ್ತಾ ಇದ್ದರೆ ಮೊದಲ ದುಡ್ಡನ್ನು ಸೋರಿಕೆ ಹುಡುಕುವುದಕ್ಕೆ ಹಾಕಿ. ಮುಚ್ಚುವ ಮಾತು ಆಮೇಲೆ. ನಮ್ಮ 1998ರ ಮಹೀಂದ್ರ ಕಮಾಂಡರ್ ಮೇಲೆ ಒಂದೊಂದೇ ದಾರಿ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು. ತೀರ್ಥಹಳ್ಳಿ ಕಡೆಯ ತೋಟದಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಮೂಟೆ ಹೊರುವ ಜೀಪು ಅದು. ಆಗಾಗ ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನೂ ಹತ್ತುತ್ತದೆ. ಸಮ ರಸ್ತೆಯಲ್ಲಿ ಸುಮ್ಮನಿರುವ ಟೆಂಪರೇಚರ್ ಮುಳ್ಳು ಘಾಟಿಯ ತಿರುವುಗಳು ಮುಗಿಯುವಷ್ಟರಲ್ಲಿ ಕೆಂಪಿನ ಹತ್ತಿರ ಹೋಗಿರುತ್ತಿತ್ತು. ಬಗ್ಗಿ ನೋಡಿದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ.

ಸಣ್ಣ ಸೋರಿಕೆ ನೆಲ ಮುಟ್ಟುವುದಿಲ್ಲ. ಕಾದ ಇಂಜಿನ್ ಮೇಲೆ ಬಿದ್ದ ಕೂಲೆಂಟ್ ಅಲ್ಲೇ ಆರಿ ಹೋಗುತ್ತದೆ. ಉಳಿಯುವುದು ಬಿಳಿಯೋ ಹಸಿರೋ ಒಂದು ಒಣ ಕಲೆ ಮಾತ್ರ, ಅದರ ಮೇಲೂ ಧೂಳು, ಗ್ರೀಸು ಕೂತಿರುತ್ತದೆ.

ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಟ್ಟು ಬೆಳಿಗ್ಗೆ ನೋಡುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಖರ್ಚೂ ಇಲ್ಲ. ಬೇಸಿಗೆಯಲ್ಲಿ ಅದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಹನಿ ಎಲ್ಲಿ ಬಿದ್ದಿದೆ ಅನ್ನುವುದರ ಮೇಲೆ ರೇಡಿಯೇಟರೋ ಹೋಸೋ ಅಂತ ಅಂದಾಜಾದರೂ ಸಿಗುತ್ತದೆ. ಆದರೆ ನಮ್ಮ ಕಡೆ ಜೂನ್ ಹಿಡಿದರೆ ಚಾಸಿಸ್‌ನಿಂದ ಕೆಸರು ನೀರು ಬೆಳಗಿನ ತನಕ ಇಳಿಯುತ್ತಲೇ ಇರುತ್ತದೆ. ಮಳೆಗಾಲಕ್ಕೆ ರಟ್ಟು ಬೇಡ.

ನನ್ನ ಮಟ್ಟಿಗೆ ಗೆದ್ದದ್ದು ಪ್ರೆಶರ್ ಪಂಪು. ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಆ ಜಾಗಕ್ಕೆ ಪಂಪು ಕೂರಿಸಿ, ಸೈಕಲ್‌ಗೆ ಗಾಳಿ ಹೊಡೆದ ಹಾಗೆ ಹೊಡೆಯುವುದು. ಮುಚ್ಚಳದ ಮೇಲೆ 0.9 ಅಂತ ಇದ್ದರೆ ಅದು ಬಾರ್ ಲೆಕ್ಕದ ಒತ್ತಡ, ಅಂದರೆ ಸುಮಾರು 13 ಪಿಎಸ್‌ಐ. ಹಳೇ ರೇಡಿಯೇಟರ್‌ಗೆ ಅದಕ್ಕಿಂತ ಹೆಚ್ಚು ಕೊಡಬಾರದು. ಗೇಜಿನ ಮುಳ್ಳು ನಿಂತಲ್ಲೇ ನಿಂತರೆ ಸರಿ. ನಮ್ಮದು ನಿಧಾನಕ್ಕೆ ಇಳಿಯಿತು. ಟಾರ್ಚ್ ಹಿಡಿದು ಕಾದೆ. ವಾಟರ್ ಬಾಡಿಯ, ಅಂದರೆ ಇಂಜಿನ್‌ಗೆ ಕೂಲೆಂಟ್ ತಳ್ಳುವ ವಾಟರ್ ಪಂಪಿನ, ಹೊಟ್ಟೆ ಕೆಳಗೆ ಒಂದು ಪುಟ್ಟ ತೂತಿರುತ್ತದಲ್ಲ, ಅದರ ಬಾಯಲ್ಲಿ ಹಸಿರು ಹನಿಯೊಂದು ಊದಿಕೊಂಡು ಬಂತು. ಒರೆಸಿದೆ, ಮತ್ತೆ ಬಂತು. ಒಳಗಿನ ಸೀಲು ಸವೆದಾಗ ನೀರು ಬೇರಿಂಗಿಗೆ ಹೋಗದೆ ಹೊರಗೆ ಬರಲಿ ಅಂತಲೇ ಇಟ್ಟ ತೂತು ಅದು. ಅದನ್ನು ಮುಚ್ಚಲು ಹೋಗಬೇಡಿ. ಫ್ಯಾನ್ ಹಿಡಿದು ಅಲ್ಲಾಡಿಸಿದರೆ ಸಣ್ಣಗೆ ಆಟವೂ ಇತ್ತು, ಅಂದರೆ ಬೇರಿಂಗೂ ಹೊರಟಿತ್ತು.

ಅದೇ ಪಂಪಿನಲ್ಲಿ ಮುಚ್ಚಳವನ್ನೂ ಪರೀಕ್ಷಿಸಬಹುದು. ಇದನ್ನು ಬಹಳ ಜನ ಬಿಟ್ಟೇ ಬಿಡುತ್ತಾರೆ. ಮುಚ್ಚಳ 0.9 ಒತ್ತಡ ಹಿಡಿದರೆ ಬರೀ ನೀರೂ ಸುಮಾರು 118 ಡಿಗ್ರಿಯ ತನಕ ಕುದಿಯುವುದಿಲ್ಲ. ರಬ್ಬರ್ ಸತ್ತ ಮುಚ್ಚಳವಾದರೆ ಆಗುಂಬೆ ಎತ್ತರದಲ್ಲಿ 98ಕ್ಕೇ ಕುದಿ ಬರುತ್ತದೆ. ಆಮೇಲೆ ಎಲ್ಲೂ ಸೋರಿಕೆ ಇಲ್ಲದೆಯೂ ನೀರು ಖಾಲಿಯಾಗುತ್ತದೆ.

ವಾಟರ್ ಬಾಡಿ ಹೊಸದು ಹಾಕಿದ್ದಾಯಿತು. ಸೀಲ್ ಕಿಟ್ ಹಾಕಿ ಹಳೆಯದನ್ನೇ ಕೂರಿಸುವ ಪದ್ಧತಿಯೂ ಇದೆ, ಬೇರಿಂಗ್ ಆಡುತ್ತಿದ್ದರೆ ಅದು ದಂಡ. ಆದರೂ ನೀರು ಕಮ್ಮಿಯಾಗುವುದು ಪೂರ್ತಿ ನಿಲ್ಲಲಿಲ್ಲ, ಪ್ರೆಶರ್ ಪಂಪಿಗೆ ಏನೂ ಕಾಣಲೂ ಇಲ್ಲ. ಇಲ್ಲಿ ಡೈ, ಅಂದರೆ ನೇರಳೆ (ಯುವಿ) ಬೆಳಕಿಗೆ ಹೊಳೆಯುವ ಬಣ್ಣ, ಕೆಲಸ ಮಾಡಿತು. ಕೂಲೆಂಟ್‌ಗೆ ಡೈ ಬೆರೆಸಿ, ಗಾಡಿ ಓಡಿಸಿ ಬಂದು, ಕತ್ತಲಲ್ಲಿ ಇಂಜಿನ್ ಬಂದ್ ಮಾಡಿ ನೇರಳೆ ಟಾರ್ಚ್ ಬಿಟ್ಟರೆ ರೇಡಿಯೇಟರ್ ಕೆಳ ಟ್ಯಾಂಕಿನ ಬೆಸುಗೆ ಗೆರೆಯ ಮೇಲೆ ಹಳದಿ ಹಸಿರು ದಾರ ಎಳೆದಂತೆ ಹೊಳೆಯಿತು. ಕಾದು ಹಿಗ್ಗಿದಾಗ ಮಾತ್ರ ಬಿಡುವ ಬಿರುಕು, ತಣ್ಣಗಿರುವಾಗ ಪಂಪಿಗೆ ಸಿಗುವುದಾದರೂ ಹೇಗೆ? ಮಳೆ ನೀರು ಹೊಳೆಯುವುದಿಲ್ಲವಾದ್ದರಿಂದ ಮಲೆನಾಡಿನ ಆಷಾಢಕ್ಕೆ ಡೈಯೇ ಸರಿ. ಕೆಲವು ಕೂಲೆಂಟ್ ತಾನಾಗಿಯೇ ಹೊಳೆಯುತ್ತದೆ. ಮೊದಲು ಟಾರ್ಚ್ ಬಿಟ್ಟು ನೋಡಿ, ಡೈ ದುಡ್ಡೂ ಉಳಿಯಬಹುದು.

ಇನ್ನು ಮುಚ್ಚುವ ವಿಚಾರ. ಡಬ್ಬಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವ, ಲಾರಿಯವರು ಹಾಕುವ ಅರಿಶಿನ ಪುಡಿ, ಎರಡೂ ಮಾಡುವುದು ಒಂದೇ ಕೆಲಸ: ತೆಳ್ಳಗಿನ ದಾರಿಯಲ್ಲಿ ಕೂತು ಕಟ್ಟಿಕೊಳ್ಳುವುದು. ತೂತು ಯಾವುದು, ಹೂಳು ತುಂಬಿ ಸಣ್ಣಗಾದ ಟ್ಯೂಬು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮನೆಯ ಇನ್ನೊಂದು ಹಳೇ ವ್ಯಾನಿಗೆ ಡಬ್ಬಿಯದು ಹಾಕಿದಾಗ ಸೋರಿಕೆ ನಿಂತಿತು, ಏರಿನಲ್ಲಿ ಹೀಟ್ ಆಗುವುದು ಶುರುವಾಯಿತು. ಘಾಟಿ ಮಧ್ಯೆ ಸಿಕ್ಕಿಬಿದ್ದಾಗ ಊರು ಸೇರಲು ಸರಿ, ಅಷ್ಟೆ. ಕಲಸಿ ಹಚ್ಚುವ ಅಂಟು ಇದಕ್ಕಿಂತ ವಾಸಿ, ಒಳಗೇನೂ ಕೆಡಿಸುವುದಿಲ್ಲ. ಆದರೆ ರೇಡಿಯೇಟರಿನ ಹಿತ್ತಾಳೆ ಹಿಗ್ಗಿ ಕುಗ್ಗಿ ಅದನ್ನು ಬೇಗ ಬಿಡಿಸಿಹಾಕುತ್ತದೆ.

ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿ ಅಂತ ಹೇಳಿದವರಿದ್ದರು. ಹಗುರ, ಹೊಸದು, ನಿಜ. ಆದರೆ ಅದರ ಪ್ಲಾಸ್ಟಿಕ್ ಟ್ಯಾಂಕ್ ಬಿರಿದರೆ ಬೆಸುಗೆ ಹಾಕಲು ಬರುವುದಿಲ್ಲ, ಮತ್ತೆ ಹೊಸದೇ. ಶಿವಮೊಗ್ಗದಲ್ಲಿ ರೇಡಿಯೇಟರ್ ಕೆಲಸವನ್ನೇ ಮಾಡುವ ಹಿರಿಯರೊಬ್ಬರು ನಮ್ಮ ತಾಮ್ರ ಹಿತ್ತಾಳೆಯದನ್ನು ತಟ್ಟಿ ನೋಡಿ, “ಕೋರ್ ಚೆನ್ನಾಗೈತೆ ಮಾರಾಯ್ರೆ, ಇದನ್ನ ಗುಜರಿಗೆ ಕೊಡಬ್ಯಾಡಿ” ಅಂದರು. ಟ್ಯಾಂಕ್ ಬಿಚ್ಚಿ, ಒಂದೊಂದು ಟ್ಯೂಬಿಗೂ ತೆಳ್ಳನೆ ಪಟ್ಟಿ ತೂರಿಸಿ ಹೂಳು ತೆಗೆದು, ಹೊಸದಾಗಿ ಬೆಸುಗೆ ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟು, ಗುಳ್ಳೆ ಏಳುವುದಿಲ್ಲ ಅಂತ ನಮಗೆ ತೋರಿಸಿಯೇ ಕೊಟ್ಟರು. ಹೊಸದರ ಬೆಲೆಯ ಕಾಲುಭಾಗವೂ ಆಗಲಿಲ್ಲ. ಈಗ ಅದೇ ಘಾಟಿ, ಅದೇ ಲೋಡು. ಮುಳ್ಳು ಅರ್ಧ ದಾಟುವುದಿಲ್ಲ.

ಇಷ್ಟೆಲ್ಲ ಮಾಡಿಯೂ ನೀರು ಇಳಿಯುತ್ತಿದ್ದರೆ, ಬಿಳಿ ಹೊಗೆ ಬಂದರೆ, ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಕಡೆ ನೋಡಿ; ಗಾಡಿ ಓಡಿಸಬೇಡಿ.

ತುಂಬುವಾಗ ಬಾವಿ ನೀರು ಬೇಡ, ಡಿಸ್ಟಿಲ್ಡ್ ವಾಟರ್‌ಗೆ ಅರ್ಧಕ್ಕರ್ಧ ಕೂಲೆಂಟ್. ತೆಗೆದ ಹಳೇ ಕೂಲೆಂಟನ್ನು ಅಂಗಳಕ್ಕೋ ತೋಟದ ಕಪ್ಪಿಗೋ (ಬಸಿಗಾಲುವೆಗೋ) ಚೆಲ್ಲಬೇಡಿ: ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತದೆ. ನಾವು ಕ್ಯಾನಿಗೆ ಹಿಡಿದು ಮುಚ್ಚಳ ಬಿಗಿದು ಗ್ಯಾರೇಜಿಗೇ ಒಪ್ಪಿಸಿದೆವು.