ಪೇಟಿ ಮಾಸ್ತರು ಒಬ್ಬ, ಹಾಡುವವರು ಮೂವರು: ನೈಟ್‌ವಿಶ್‌ನ ಹತ್ತು ಆಲ್ಬಮ್‌

ಬಳ್ಳಾರಿ ಕೌಲ್‌ಬಜಾರಿನಲ್ಲಿ ನಮ್ಮದೊಂದು ಚಿಕ್ಕ ಜೀನ್ಸ್ ಹೊಲಿಗೆ ಯೂನಿಟ್. ಹನ್ನೆರಡು ಮಷೀನು ಒಟ್ಟಿಗೆ ಓಡುವಾಗ ಮೆಲ್ಲಗಿನ ಹಾಡು ಹಾಕಿದರೆ ಏನೂ ಕೇಳಿಸುವುದಿಲ್ಲ. ನನಗೆ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಹಿಡಿಸಿದ್ದೇ ಹೀಗೆ. ಅದರಲ್ಲೂ ಫಿನ್ಲೆಂಡಿನ ನೈಟ್‌ವಿಶ್ ಬ್ಯಾಂಡು. ಕಳೆದ ಬೇಸಿಗೆ ಆರ್ಡರ್ ಕಡಿಮೆ ಇತ್ತು, ಹತ್ತೂ ಆಲ್ಬಮ್ ಸಾಲಾಗಿ ಕೇಳಿದೆ.

1997ರ 'ಏಂಜಲ್ಸ್ ಫಾಲ್ ಫಸ್ಟ್' ಇನ್ನೂ ರಿಹರ್ಸಲ್ ಥರ ಇದೆ. ಕೀಬೋರ್ಡ್ ನುಡಿಸುವ, ಹಾಡು ಕಟ್ಟುವ ಟುವೊಮಾಸ್ ಹೊಲೊಪೈನೆನ್ ಅಲ್ಲಲ್ಲಿ ತಾನೇ ಹಾಡಿದ್ದಾನೆ. ಹಾಡಬಾರದಿತ್ತು. ಮರುವರ್ಷದ 'ಓಶನ್‌ಬಾರ್ನ್'ನಲ್ಲಿ ಸುಮ್ಮನಾದ. ಟಾರ್ಯಾ ಟುರುನೆನ್‌ಳ ಒಪೆರಾ ದನಿ ಮುಂದೆ ಬಂತು, ಡ್ರಮ್ಸ್ ನಮ್ಮ ಓವರ್‌ಲಾಕ್ ಮಷೀನಿನಂತೆ ಓಡಿತು.

ಮೊದಮೊದಲು ವಯಲಿನ್ ಕೆಲಸವನ್ನು ಹೆಚ್ಚಾಗಿ ಕೀಬೋರ್ಡೇ ಮಾಡುತ್ತಿತ್ತು. 2002ರಲ್ಲಿ ನಿಜವಾದ ಆರ್ಕೆಸ್ಟ್ರಾ ಬಂತು, ಜೊತೆಗೆ ಬಾಸ್ ಗಿಟಾರ್ ನುಡಿಸುವ ಮಾರ್ಕೊ ಹಿಯೆತಲಾನ ಒರಟು ದನಿ. 2004ರ 'ವನ್ಸ್'ಗೆ ಲಂಡನ್ನಿನ ವಾದ್ಯದವರೇ ಕೂತರು. ಅದರಲ್ಲಿ 'ಘೋಸ್ಟ್ ಲವ್ ಸ್ಕೋರ್' ಅಂತ ಹತ್ತು ನಿಮಿಷದ ಹಾಡಿದೆ. ನಡುವೆ ಗಾಯಕಿ ಪೂರಾ ಮಾಯ. ಆರ್ಕೆಸ್ಟ್ರಾ, ಕೋರಸ್ ಮಾತ್ರ ಮೇಲೇಳುತ್ತಾ ಹೋಗುತ್ತವೆ, ಆಮೇಲೆ ಅವಳು ಮತ್ತೆ ಬರುತ್ತಾಳೆ. ನಾಟಕಗಳಿಗೆ ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದ ನನ್ನ ಸೋದರಮಾವನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, "ಆಕಿಗೆ ಉಸಿರು ತಗೊಳ್ಳಾಕ ಜಾಗ ಬಿಟ್ಟಾನ ನೋಡಲೇ. ಪೇಟಿಯಂವ ಶಾಣ್ಯಾ ಅದಾನ" ಅಂದರು.

2005ರಲ್ಲಿ ಬಹಿರಂಗ ಪತ್ರ ಬರೆದು ಟಾರ್ಯಾಳನ್ನು ಹೊರಗೆ ಕಳಿಸಿದರು. ಪತ್ರ ನನಗಂತೂ ಇಷ್ಟವಾಗಲಿಲ್ಲ. ಆದರೆ ಹೊಸ ನಟಿ ಬಂದರೆ ಮಾಸ್ತರು ಪೇಟಿಯ ಶ್ರುತಿ ಬದಲಿಸಿ ಕರಿ ಐದು ಬಿಟ್ಟು ಬಿಳಿ ಎರಡಕ್ಕೆ ಬರಲೇಬೇಕು, ಅಲ್ವಾ? 2007ರಲ್ಲಿ ಬಂದ ಆನೆಟ್ ಓಲ್ಜನ್‌ಳದು ಪಾಪ್ ಹಾಡಿನ ನೇರ ದನಿ. ಮೊದಲ ಆಲ್ಬಮ್ಮಿನಲ್ಲಿ ಬೇರೆಯವರ ಅಳತೆಗೆ ಹೊಲಿದ ಪ್ಯಾಂಟು ಹಾಕಿಕೊಂಡ ಹಾಗಿದ್ದಾಳೆ. 2011ರ 'ಇಮ್ಯಾಜಿನೇರಮ್'ನಲ್ಲಿ ಅಳತೆ ಸರಿಹೋಯಿತು. ಒಂದು ಕಡೆ ಜಾತ್ರೆ ಸರ್ಕಸ್ಸಿನ ಗದ್ದಲ, ಇನ್ನೊಂದು ಕಡೆ ನಿಧಾನದ ಜಾಝ್. ಎರಡರಲ್ಲೂ ಕುಣಿದಿದ್ದಾಳೆ. ಜನ ಇದಕ್ಕೆ ಬೆಲೆ ಕೊಟ್ಟಿದ್ದು ಕಡಿಮೆ.

ಮೂರನೆಯ ಗಾಯಕಿ ಫ್ಲೋರ್ ಯಾನ್ಸೆನ್ ಬಂದ ಮೇಲೆ ನನ್ನದೊಂದು ತಕರಾರಿದೆ. ಅವಳು ಒಪೆರಾ ಹಾಡಬಲ್ಲಳು, ಗುಟುರು ಹಾಕಬಲ್ಲಳು. 2015ರ ಆಲ್ಬಮ್ಮಿನಲ್ಲಿ ಟ್ರಾಯ್ ಡೊನಾಕ್ಲಿಯ ಐರಿಶ್ ಪೈಪು, ವಿಜ್ಞಾನಿ ರಿಚರ್ಡ್ ಡಾಕಿನ್ಸ್ ಮಾತು, 24 ನಿಮಿಷದ ಕೊನೆಯ ಹಾಡು, ಎಲ್ಲಾ ಇದೆ. ಅವಳ ದನಿ ಮಾತ್ರ ಅರ್ಧವೇ ಬಳಕೆಯಾಗಿದೆ. 2020ರದು ಎರಡು ಡಿಸ್ಕು. ಎರಡನೆಯದರಲ್ಲಿ ಅರ್ಧ ಗಂಟೆ ಬರೀ ಆರ್ಕೆಸ್ಟ್ರಾ. ಎರಡು ಸಲ ನಿದ್ದೆ ಹೋದೆ. 2024ರ 'ಯೆಸ್ಟರ್‌ವಿಂಡ್'ನಲ್ಲಿ ಕೋರಸ್ ಜಾಸ್ತಿ, ಇನ್ನೂ ನಾಲ್ಕು ಸಲ ಕೇಳಬೇಕು.

ಹೊಸಬರು 'ವನ್ಸ್'ನಿಂದ ಶುರು ಮಾಡಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ.